ಪಾತ್ರ ಮುಗಿಯುವ ಮೊದಲೇ ಬಂದ ಹೂಗುಚ್ಛ

ಆ ದಿನದ ಸಿನಿಮಾ ಶೂಟಿಂಗ್ ಮುಗಿಸಿ ಜಪಾನಿನ ಚೋಶಿ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಿದ್ದ ಲೈಟಿನವ ಇಸಾಮುವಿನ ಪಕ್ಕದಲ್ಲೇ, ಮೊದಲ ಸಲ ನಾಯಕಿಯಾದ ಚಿಹಾಯಾ ತನ್ನ ಮ್ಯಾನೇಜರ್ ಕುರಾತಾ ಜೊತೆ ಹೂಗುಚ್ಛ ಹಿಡಿದು ನಿಂತಿದ್ದಳು.

“ಕುರಾತಾ ಸಾನ್, ಪಾತ್ರ ಮುಗಿದವರಿಗೆ ತಾನೆ ಹೂ ಕೊಡೋದು? ನಾಳೆ ಬಂಡೆಯಿಂದ ಹಾರೋ ಸೀನ್ ಬಾಕಿ ಇದೆಯಲ್ಲ!”

“ಎಲ್ಲರೂ ಚಪ್ಪಾಳೆ ತಟ್ಟಿದಾಗ ಏನ್ ಮಾಡ್ದೆ?” ಎಂದಳು ಮ್ಯಾನೇಜರ್.

“ಅಭ್ಯಾಸ ನೋಡಿ, ಬಗ್ಗಿ ವಂದಿಸಿಬಿಟ್ಟೆ.”

“ಅಲ್ಲಿಗೆ ನೀನೇ ಪಾತ್ರ ಬಿಟ್ಟುಕೊಟ್ಟ ಹಾಗಾಯ್ತು ಕಣೇ, ಪೆದ್ದಿ.”

“ಹಾರುವಾಗ ಸೊಂಟಕ್ಕೆ ಹಗ್ಗ ಕಟ್ಟಿ ಅಂದೆ, ಅಷ್ಟೇ.”

“ಎಷ್ಟು ಬಾಗಿಲು ತಟ್ಟಿ ನಿನ್ನ ಇಲ್ಲಿಗೆ ತಂದೆ! ನಿರ್ದೇಶಕರ ಎದುರು ಬಾಯಿ ಬಿಟ್ಟೆಯಲ್ಲ. ನಾಳೆ ನಿನ್ನ ಕಿಮೊನೊ ಉಟ್ಟು ಹೊಸ ಹುಡುಗಿ ಹಾರ್ತಾಳೆ.”

ರೈಲು ಬಂತು.

“ಅವಳಿಗಾದ್ರೂ ಹಗ್ಗ ಕಟ್ತಾರಾ?”

ಕುರಾತಾ ರೈಲು ಹತ್ತಿದಳು. ಚಿಹಾಯಾ ಹಿಂದೆಯೇ ಓಡಿದಳು.

ನಾಳೆ ಆ ಬಂಡೆಗೆ ಲೈಟ್ ಹಿಡಿಯಬೇಕಾದವನು ಇಸಾಮುವೇ. ಅವನು ರೈಲು ಹತ್ತದೆ ಪ್ಲಾಟ್‌ಫಾರ್ಮಿನಲ್ಲೇ ಉಳಿದ.