ಬೀಗದ ಮನೆಯ ಅಜ್ಜಿಗೆ ಕೇಳಿದ ಪ್ರಶ್ನೆ

ಇವತ್ತು ಶ್ರೀಮಂತನ ಕಥೆ ಇಲ್ಲ. ಹನ್ನೊಂದು ದಿನ ಈ ಪ್ರವಚನದಲ್ಲಿ ಶ್ರೀಮಂತನ ಕಥೆಯನ್ನೇ ಹೇಳಿದ್ದಾಯಿತು. ಅವನು ಸೊಕ್ಕಿದ, ಕೆಟ್ಟ, ತಿರುಗಿ ಬುದ್ಧಿ ಕಲಿತ. ನೀವು ತಲೆಯಾಡಿಸಿದಿರಿ, ಪ್ರಸಾದ ಮುಗಿಸಿದಿರಿ, ಮನೆಗೆ ಹೋಗಿ ಟಿ.ವಿ. ಹಾಕಿದಿರಿ. ನನಗೂ ಸಾಕಾಗಿದೆ ನೋಡಿ, ಗಂಟಲೂ ಕೂತಿದೆ. ಅದಕ್ಕೇ ಇವತ್ತು ಆ ಟಿ.ವಿ.ಯ ಕಥೆಯನ್ನೇ ಹೇಳಿಬಿಡುತ್ತೇನೆ.

ಒಂದು ತಾಲ್ಲೂಕು ಊರು. ಅಲ್ಲೊಬ್ಬ ವರದಿಗಾರ. ದೊಡ್ಡ ಚಾನೆಲ್ಲಿನ ಸಣ್ಣ ವರದಿಗಾರ. ಕೆರೆ ಕೋಡಿ ಬಿದ್ದರೂ ಅವನೇ, ಶಾಲೆಗೆ ಹಾವು ಹೊಕ್ಕರೂ ಅವನೇ, ಮಂತ್ರಿಗಳು ಬಂದು ಹೋದರೂ ಅವನೇ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಕಥೆ ಸುಲಭವಾಗುತ್ತಿತ್ತು, ನೀವೂ ನಾನೂ ಅವನನ್ನು ಬೈದು ಎದ್ದು ಹೋಗಬಹುದಿತ್ತು. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿ ಮಾಡಿ ದಣಿದ ಮನುಷ್ಯ ಅಷ್ಟೆ. ಬೆಂಗಳೂರಿನ ಆಫೀಸಿನಿಂದ ಫೋನ್ ಬಂತೆಂದರೆ ಮೊದಲು ಒಂದು ಉಸಿರು ಬಿಟ್ಟು ಆಮೇಲೆ ಹಲೋ ಎನ್ನುತ್ತಿದ್ದ.

ಆ ಊರಿನ ಅಂಚಿಗೆ ಒಂದು ಬೇವಿನ ಮರ, ಮರದ ಕೆಳಗೆ ಸಣ್ಣದೊಂದು ಕಲ್ಲಿನ ಕೋಣೆ. ಒಳಗೆ ಯಾವ ಕಾಲದವರೋ ಒಬ್ಬ ಹಿರಿಯರು ಮಲಗಿದ್ದಾರೆ. ಗದ್ದುಗೆ ಎನ್ನುವವರು ಗದ್ದುಗೆ ಎನ್ನುತ್ತಾರೆ, ದರ್ಗಾ ಎನ್ನುವವರು ದರ್ಗಾ ಎನ್ನುತ್ತಾರೆ. ಮಕ್ಕಳಿಗೆ ಜ್ವರ ಬಂದರೆ ಇಬ್ಬರೂ ಅಲ್ಲಿಗೇ ಎತ್ತಿಕೊಂಡು ಓಡುತ್ತಾರೆ.

ಅಲ್ಲೊಂದು ಪದ್ಧತಿ ಇತ್ತು, ಗಮನವಿಟ್ಟು ಕೇಳಿ. ಕೋಣೆಯ ಬೀಗದಕೈ ಒಂದು ಮನೆಯಲ್ಲಿ. ದೀಪದ ಎಣ್ಣೆ ಇನ್ನೊಂದು ಮನೆಯಲ್ಲಿ. ಎರಡರಲ್ಲಿ ಒಂದು ಹಿಂದೂಗಳ ಮನೆ, ಒಂದು ಮುಸಲ್ಮಾನರ ಮನೆ. ನಡುವೆ ನಾಲ್ಕು ಮನೆಗಳ ಅಂತರ. ಇವರು ಬಾಗಿಲು ತೆರೆಯದೆ ಅವರು ಎಣ್ಣೆ ಹಾಕುವಂತಿಲ್ಲ, ಅವರು ಎಣ್ಣೆ ತರದೆ ಇವರು ದೀಪ ಹಚ್ಚುವಂತಿಲ್ಲ. ಯಾರು ಮಾಡಿದ ಕಟ್ಟಳೆಯೋ ಯಾರಿಗೂ ನೆನಪಿಲ್ಲ. ಮಾಡಿದವರು ಮನುಷ್ಯರನ್ನು ಚೆನ್ನಾಗಿ ಬಲ್ಲವರೇ ಇರಬೇಕು.

ಹಾಗೆಂದು ಆ ಎರಡು ಮನೆಯವರು ತಬ್ಬಿಕೊಂಡು ತಿರುಗುತ್ತಿದ್ದರು ಅಂದುಕೊಳ್ಳಬೇಡಿ. ಬೀಗದ ಮನೆಯಲ್ಲಿ ಒಬ್ಬ ಅಜ್ಜಿ, ಎಣ್ಣೆ ಮನೆಯಲ್ಲಿ ಒಬ್ಬ ಅಜ್ಜ. ಇಬ್ಬರಿಗೂ ದಿನಾ ಜಗಳ. ಅಜ್ಜ ಬರುವುದು ತಡ, ಅಜ್ಜಿಯ ಬಾಯಿ ಜೋರು. ಹೊತ್ತು ಮುಳುಗುವ ವೇಳೆಗೆ ಬೇವಿನ ಮರದ ಕೆಳಗೆ ಅವರ ಗದ್ದಲ ಕೇಳಿಸಿತೆಂದರೆ, ಇನ್ನೇನು ದೀಪ ಹತ್ತಿತು ಎಂದು ಊರಿನವರು ತಿಳಿಯುತ್ತಿದ್ದರು. ಎದೆ ಮುಟ್ಟಿಕೊಂಡು ಹೇಳಿ, ನಿಮ್ಮ ಓಣಿಯಲ್ಲಿ ಇಂಥವರು ಇಲ್ಲವೇ?

ಒಂದು ಮಳೆಗಾಲ ಆ ಕೋಣೆಯ ಹಿಂದಿನ ಗೋಡೆ ಬಿತ್ತು. ಬಿದ್ದ ಗೋಡೆ ಕಟ್ಟಬೇಕು. ಯಾರು ಕಟ್ಟಬೇಕು, ಹೇಗೆ ಕಟ್ಟಬೇಕು ಎಂದು ಊರಿನ ಹಿರಿಯರು ಮಾತಾಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಜಿಲ್ಲಾ ಕೇಂದ್ರದಿಂದ ಒಂದು ಗುಂಪು ಬಂದು, ಈ ಜಾಗ ನಮ್ಮವರದು ಮಾತ್ರ ಎಂದು ತಹಶೀಲ್ದಾರರಿಗೆ ಮನವಿ ಕೊಟ್ಟಿತು. ಎರಡು ದಿನ ಬಿಟ್ಟು ಇನ್ನೊಂದು ಗುಂಪು ಬಂದು, ನಮ್ಮವರದು ಮಾತ್ರ ಎಂದು ಇನ್ನೊಂದು ಮನವಿ ಕೊಟ್ಟಿತು. ಎರಡೂ ಗುಂಪಿನವರು ಆ ಬೇವಿನ ಮರವನ್ನು ಕಣ್ಣಿನಿಂದ ನೋಡಿದವರಲ್ಲ.

ವರದಿಗಾರನಿಗೆ ಫೋನ್ ಬಂತು. ಅವನು ಉಸಿರು ಬಿಟ್ಟು, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೋದ. ಆ ಅಜ್ಜಿಯ ಮನೆಯ ಮಜ್ಜಿಗೆ ಕುಡಿದು ಬೆಳೆದವನೇ ಅವನು. ಮೈಕು ಹಿಡಿದು ಕೇಳಿದ, "ಯಮ್ಮಾ, ಇಲ್ಲಿ ಜಗಳ ಐತಂತಲ್ಲ?"

"ಜಗಳೇನು ಇವತ್ತಿಂದೇನೋ ತಮ್ಮಾ? ನಲವತ್ತು ವರ್ಷದಿಂದ ಐತಿ. ಈ ಮುದುಕ ಒಂದಿನಾನರ ಹೊತ್ತಿಗೆ ಸರಿಯಾಗಿ ಬಂದಾನೇನು ಕೇಳು!"

ಪಕ್ಕದಲ್ಲೇ ನಿಂತಿದ್ದ ಎಣ್ಣೆ ಮನೆಯ ಅಜ್ಜ, "ಮೊಣಕಾಲು ನೂಸ್ತಾವ, ಏನ್ಮಾಡ್ಲಿ? ಅಕಿಗೇನು, ಕೀಲಿ ತಿರುವಿದ್ರ ಆತು" ಎಂದ. ವರದಿಗಾರನಿಗೆ ನಗು ಬಂತು. ಬಹಳ ದಿನದ ಮೇಲೆ ನಗು ಬಂತು ಅವನಿಗೆ. ಅದನ್ನೇ ಚೆನ್ನಾಗಿ ಜೋಡಿಸಿ ಬೆಂಗಳೂರಿಗೆ ಕಳಿಸಿದ.

ಅರ್ಧ ಗಂಟೆಗೆ ಫೋನ್. "ಏನ್ರೀ ಇದು? ಮುದುಕ ಮುದುಕಿ ಕಾಮಿಡಿ ಮಾಡ್ತಿದಾರೆ. ಇದು ನ್ಯೂಸಾ? ಎದುರು ಚಾನೆಲ್ಲಲ್ಲಿ ಆಗ್ಲೇ ಬ್ರೇಕಿಂಗ್ ಓಡ್ತಾ ಇದೆ. ಬಿಸಿ ಇರೋ ಬೈಟ್ ಕಳ್ಸಿ. ಬೀಗ ಕಿತ್ಕೊಳ್ಳೋಕೆ ಬಂದ್ರೆ ಏನ್ಮಾಡ್ತೀರ ಅಂತ ಕೇಳ್ರೀ."

ಬೈಟ್ ಎಂದರೆ ಕ್ಯಾಮೆರಾ ಮುಂದೆ ಆಡುವ ಎರಡು ಮಾತು. ಅದರಲ್ಲೂ ಒಂದು ಪದ್ಧತಿ ಇದೆ. ಪ್ರಶ್ನೆಯನ್ನು ಕತ್ತರಿಸಿ ಉತ್ತರವನ್ನು ಮಾತ್ರ ಇಡುತ್ತಾರೆ. ನಾವು ನೋಡುವಾಗ ಆ ಮನುಷ್ಯ ತಾನಾಗಿಯೇ ಬಂದು ತಾನಾಗಿಯೇ ಹೇಳಿದ ಹಾಗೆ ಕಾಣುತ್ತದೆ. ಯಾರು ಕೇಳಿದರು, ಏನು ಕೇಳಿದರು, ಎಷ್ಟು ಸಲ ಕೇಳಿದರು, ಒಂದೂ ಗೊತ್ತಾಗುವುದಿಲ್ಲ. ವರದಿಗಾರನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೇ ಹೋದ. ಇಲ್ಲ ಎನ್ನುವುದಕ್ಕೆ ಒಂದು ಶಕ್ತಿ ಬೇಕು ನೋಡಿ, ಆ ದಿನ ಅವನಲ್ಲಿ ಅದು ಇರಲಿಲ್ಲ.

"ಯಮ್ಮಾ, ಬೀಗ ಕಿತ್ತಾಕ ಯಾರರ ಬಂದ್ರ ಏನ್ಮಾಡ್ತಿ?"

"ಯಾರು ಬರ್ತಾರೋ?"

ಅವನಿಗೆ ನಾಚಿಕೆಯಾಯಿತು. "ಯಾರೂ ಇಲ್ಲಬೇ. ಒಬ್ಬ ಕಳ್ಳ ಬಂದ ಅಂತ ತಿಳ್ಕೊ."

"ಕಳ್ಳೇನು? ಬರ್ಲಿ ನೋಡೂಣು! ಕೊಡ್ಲಿ ಹಿಡ್ಕೊಂಡು ಬಾಗಿಲದಾಗ ನಿಂದರ್ತೀನಿ. ನನ್ನ ಹೆಣಾ ದಾಟಿ ಒಳಗ ಹೋಗಬೇಕು!"

ಅಜ್ಜ ಅಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ. "ಕೊಡ್ಲಿ ಎತ್ತಾಕ ಬರತೈತೇನ ನಿನಗ? ಮೊದಲ ನನ್ನ ಎಣ್ಣಿ ಡಬ್ಬಿ ಎತ್ತಿ ತೋರ್ಸು!"

ಸಂಜೆ ಎಲ್ಲರ ಮನೆಯಲ್ಲೂ ಅದು ಬಂತು. ಕಳ್ಳ ಇರಲಿಲ್ಲ. ಅಜ್ಜನ ನಗು ಇರಲಿಲ್ಲ. ಕೆಂಪು ಅಕ್ಷರ, ಢಣ್ ಎನ್ನುವ ಶಬ್ದ, ಅಜ್ಜಿಯ ಬಾಯಿ, ಕೊಡಲಿ, ಹೆಣ. ಮತ್ತೆ ಕೊಡಲಿ, ಮತ್ತೆ ಹೆಣ. ಅಜ್ಜಿಯ ಕಡೆಯವರಿಗೆ ಆ ಚಾನೆಲ್ 'ಕೆರಳಿದವರು' ಎಂದು ಹೆಸರಿಟ್ಟಿತು, ಎದುರು ಕಡೆಯವರಿಗೆ 'ನೊಂದವರು' ಎಂದು. ನೊಂದವರ ಪರವಾಗಿ ಸ್ಟುಡಿಯೋದಲ್ಲಿ ಒಬ್ಬರನ್ನು ಕೂರಿಸಿ, ಮುಕ್ಕಾಲು ಗಂಟೆ, ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು. ಕೆರಳಿದವರಿಗೆ ಸಿಕ್ಕಿದ್ದು ಈ ಒಬ್ಬ ಮುದುಕಿಯ ಮೂರು ಸಾಲು. ಎದುರು ಚಾನೆಲ್ಲೇನು ಸಾಚಾ ಎಂದಿರೋ? ಅವರು ಹೆಸರನ್ನು ಅದಲು ಬದಲು ಮಾಡಿದರು. ಇವರ ನೊಂದವರು ಅಲ್ಲಿ ಕೆರಳಿದವರು. ಅವರೂ ಯಾರದೋ ಒಂದು ಮಾತನ್ನು ಹೀಗೇ ತುಂಡು ಮಾಡಿಕೊಂಡಿದ್ದರು.

ಏನು? ಕಂಬದ ಹತ್ತಿರ ಯಾರೋ ಏನೋ ಕೇಳಿದರು. ಜೋರಾಗಿ ಕೇಳಿ ಯಜಮಾನರೇ, ಎಲ್ಲರಿಗೂ ಕೇಳಿಸಲಿ.

"ಅಪ್ಪಾರ, ಆ ಮುದುಕಿ ಯಾರ ಪೈಕಿರಿ?"

ಕೇಳಿಸಿತೇ ಎಲ್ಲರಿಗೂ? ಅವರಿಗೆ ನಗಬೇಡಿ. ಅವರು ಬಾಯಿ ಬಿಟ್ಟು ಕೇಳಿದರು, ನೀವೆಲ್ಲ ಕೇಳದೇನೇ ಆಗಲೇ ತೀರ್ಮಾನ ಮಾಡಿ ಕೂತಿದ್ದೀರಿ. ಬೀಗದ ಮನೆ ಹಿಂದೂಗಳದೋ ಮುಸಲ್ಮಾನರದೋ ನಾನು ಹೇಳಿಯೇ ಇಲ್ಲ. ಆದರೂ ನಿಮ್ಮ ಮನಸ್ಸಿನಲ್ಲಿ ಆ ಅಜ್ಜಿಗೆ ಒಂದು ಜಾತಿ ಬಂದುಬಿಟ್ಟಿದೆ. ಕೊಡಲಿ ಎಂದ ಕೂಡಲೇ ಬಂತು, ಹೌದೋ ಅಲ್ಲವೋ? ಇದಕ್ಕೆ ಏನು ಹೇಳಲಿ? ನನಗೆ ಸಿಟ್ಟು ಬರುವುದಿಲ್ಲ ಈಗ, ದಣಿವಾಗುತ್ತದೆ. ನಾನು ಹೇಳುವುದಿಲ್ಲ. ಕಥೆ ಮುಗಿಯುವವರೆಗೂ ಹೇಳುವುದಿಲ್ಲ, ಮುಗಿದ ಮೇಲೂ ಹೇಳುವುದಿಲ್ಲ. ಸಂಕಟವಾದರೆ ಆಗಲಿ.

ಮರುದಿನ ಪೊಲೀಸರು ಬಂದರು. ಅಜ್ಜಿಯನ್ನು ಠಾಣೆಗೆ ಕರೆದು, ಇನ್ನು ಮೇಲೆ ಶಾಂತಿಯಿಂದ ಇರುತ್ತೇನೆ ಎಂದು ಮುಚ್ಚಳಿಕೆ ಬರೆಸಿಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡರು. ಎಪ್ಪತ್ತು ದಾಟಿದ ಹೆಂಗಸು, ಅವತ್ತಿನವರೆಗೆ ಠಾಣೆಯ ಮೆಟ್ಟಿಲು ಕಂಡವಳಲ್ಲ. ಕೋಣೆಯ ಬಾಗಿಲಿಗೆ ಸರ್ಕಾರದ ಬೀಗ ಬಿತ್ತು, ಅದರ ಮೇಲೆ ಅರಗು, ಮುದ್ರೆ. ಕೀಲಿಯೂ ನಿಷ್ಪ್ರಯೋಜಕ, ಎಣ್ಣೆಯೂ ನಿಷ್ಪ್ರಯೋಜಕ. ದೀಪ ನಿಂತಿತು.

ವರದಿಗಾರ ಎರಡು ದಿನ ಅನ್ನ ಬಿಟ್ಟ. ಮೂರನೆಯ ದಿನ, ಕತ್ತರಿಸದ ಪೂರ್ತಿ ವಿಡಿಯೋವನ್ನು ಜೇಬಿನಲ್ಲಿಟ್ಟುಕೊಂಡು ತಹಶೀಲ್ದಾರರ ಹತ್ತಿರ ಹೋದ. "ಸಾಹೇಬ್ರ, ಅಕಿ ಕಳ್ಳಗ ಅಂದಿದ್ದು. ನಾನ ಕೇಳಿದ್ದು. ಪೂರ್ತಿ ಇದರಾಗ ಐತಿ, ನೋಡ್ರಿ. ಆ ಬಾಗಿಲಾ ತಗಸ್ರಿ."

ತಹಶೀಲ್ದಾರರು ಫೈಲು ತೆರೆದು ಅವನ ಕಡೆಗೆ ತಿರುಗಿಸಿದರು. ಬಾಗಿಲು ಮುಚ್ಚಲು ಆಧಾರ ಎಂದು ಬರೆದ ಕಡೆ ಅವನದೇ ಸುದ್ದಿ, ಕೆಳಗೆ ಅವನದೇ ಹೆಸರು. "ಇದನ್ನ ಕೊಟ್ಟಾವರು ನೀವ, ಸುಳ್ಳು ಅನ್ನಾವರೂ ನೀವ. ಮ್ಯಾಲಿನವರಿಗೆ ನಾ ಏನಂತ ಬರೀಲಿ?"

ಬೆಂಗಳೂರಿಗೆ ಫೋನ್ ಮಾಡಿದ. ಪೂರ್ತಿಯಾಗಿ ಒಮ್ಮೆ ಹಾಕಿ ಎಂದು ಕೈ ಮುಗಿದ. "ಅಯ್ಯೋ, ಅದು ಹಳೇದಾಯ್ತು ಬಿಡ್ರೀ" ಎಂದರು. ಕೊನೆಗೆ ಊರಿನವರ ಮೊಬೈಲಿಗೆಲ್ಲ ತಾನೇ ಕಳಿಸಿದ. ನಾಲ್ಕು ನಿಮಿಷದ ಚಿತ್ರ. ಆ ಕೊಡಲಿಯ ತುಣುಕನ್ನು ದಿನಕ್ಕೆ ಹತ್ತು ಸಲ ನೋಡಿದವರೇ ಎಲ್ಲ. ಇದಕ್ಕೆ ಲೈಕಿನ ಹೆಬ್ಬೆರಳು ಒತ್ತಿ ಸುಮ್ಮನಾದರು. ತೆರೆದು ನೋಡಿದವರು ಎಷ್ಟು ಜನ ಎಂದು ಅವನೂ ಕೇಳಲಿಲ್ಲ.

ಅವತ್ತು ಸಂಜೆ ಅಜ್ಜಿಯ ಮನೆಗೆ ಹೋದ. ಅವಳು ಹೊಸ್ತಿಲ ಒಳಗೇ ಕೂತಿದ್ದಳು. ಬೈಯುತ್ತಾಳೆ, ಬೈದರೆ ಹಗುರವಾಗುತ್ತದೆ ಎಂದುಕೊಂಡು ಹೋದವನು. ಅವಳು ಬೈಯಲಿಲ್ಲ.

"ತಮ್ಮಾ, ನಾ ಕಳ್ಳಗ ಅಂದಿದ್ದು, ಹೌದಿಲ್ಲೋ?"

"ಹೌದುಬೇ."

"ಹಂಗಾರ ಆ ಮುದುಕಗ ಒಂದು ಮಾತು ಹೇಳಿ ಬಾ. ಬಾಗಿಲಾ ಮುಚ್ಚಿದ್ರ ಮುಚ್ಚಲಿ, ಸರ್ಕಾರ ಯಾವಾಗರ ತಗೀತೈತಿ. ಅಂವ ನನ್ನ ಕೂಡ ಮಾತ ಬಿಟ್ಟಾನ. ದಾರ್ಯಾಗ ಸಿಕ್ರ ಮಾರಿ ತಿರುವ್ತಾನ. ಜಗಳಾಡಾಕೂ ಬರವಲ್ಲ."

ವರದಿಗಾರನಿಗೆ ನಂಬಲಾಗಲಿಲ್ಲ. ಅಜ್ಜ ಅಲ್ಲೇ ಇದ್ದವನು! ಪ್ರಶ್ನೆಯನ್ನೂ ಕೇಳಿಸಿಕೊಂಡವನು, ಉತ್ತರಕ್ಕೆ ಹೊಟ್ಟೆ ಹಿಡಿದು ನಕ್ಕವನು. ನಾಲ್ಕು ಮನೆ ದಾಟಿ ಓಡಿದ. ಅಜ್ಜ ಕಟ್ಟೆಯ ಮೇಲೆ ಕೂತಿದ್ದ.

"ಕಾಕಾ, ನೀವು ಅಲ್ಲೇ ನಿಂತಿದ್ರಿ. ಅಕಿ ಯಾರಿಗೆ ಅಂದ್ಲು ಅಂತ ನಿಮಗ ಗೊತ್ತೈತಿ."

ಅಜ್ಜ ಮೊಣಕಾಲು ನೀವಿಕೊಂಡ. ಆಮೇಲೆ ಹೇಳಿದ, "ಗೊತ್ತೈತಿ. ಕಳ್ಳಗ ಅಂದ್ಲು. ಆದ್ರ ಟಿ.ವಿ.ಯಾಗ ಅಕಿ ಮಾರಿ ನೋಡೀಯೇನು ನೀ? ನನ್ನ ಕಡೆನ ನೋಡಿ ಅಂದಂಗ ಇತ್ತು. ನಲವತ್ತು ವರ್ಷ ಅಕಿ ಮನಸಿನಾಗ ಇದ ಇತ್ತೇನೋ, ಯಾರಿಗೆ ಗೊತ್ತು?"

ಇಷ್ಟೇ ಕಥೆ. ಗೋಡೆ ಕಟ್ಟಿದರೋ ಇಲ್ಲವೋ, ಬಾಗಿಲು ತೆರೆಯಿತೋ ಇಲ್ಲವೋ, ಅದನ್ನೆಲ್ಲ ಕೇಳಬೇಡಿ.

ಈಗ ನನಗೆ ಹೇಳಿ. ಕಣ್ಣೆದುರು ನಿಂತು, ಕಿವಿಯಾರೆ ಕೇಳಿ, ಬಾಯಿ ತುಂಬ ನಕ್ಕವನನ್ನೇ ಆ ಪೆಟ್ಟಿಗೆ ಹೀಗೆ ತಿರುಗಿಸಿತಲ್ಲ, ಇನ್ನೂರು ಮೈಲಿ ಆಚೆ ಊಟದ ತಟ್ಟೆ ಮುಂದಿಟ್ಟುಕೊಂಡು ಕೂತ ನೀವು ಯಾವ ಲೆಕ್ಕ? ನಾನು ಯಾವ ಲೆಕ್ಕ? ಹೌದು, ನಾನೂ ನೋಡುತ್ತೇನೆ. ಕಾವಿ ಉಟ್ಟಿದ್ದೇನೆ ಎಂದು ನನಗೇನು ವಿನಾಯಿತಿ ಇಲ್ಲ. ನಮ್ಮವರು ನೊಂದವರು ಎಂದು ಬಂದಾಗ ನನಗೂ ಒಳಗೊಳಗೇ ಹಿತವಾಗುತ್ತದೆ. ಹಿತವಾಗುತ್ತದೆ ಎಂದೇ ಅವರು ಮತ್ತೆ ಮತ್ತೆ ಬಡಿಸುತ್ತಾರೆ. ವರದಿಗಾರನನ್ನು ಬೈಯೋಣವೇ? ಬೈಯೋಣ. ಬೆಂಗಳೂರಿನವರನ್ನು ಬೈಯೋಣವೇ? ಅವರನ್ನೂ ಬೈಯೋಣ. ಆದರೆ ಬಿಸಿ ಬೇಕು ಎಂದು ತಟ್ಟೆ ಒಡ್ಡಿಕೊಂಡು ಕೂತವರು ಯಾರು?

ಚಾನೆಲ್ಲು ಮುಚ್ಚಿಸುವ ಶಕ್ತಿ ನನಗಿಲ್ಲ, ನಿಮಗೂ ಇಲ್ಲ. ಎರಡು ಮಾತು ಹೇಳುತ್ತೇನೆ, ಅಷ್ಟು ಮಾಡಿದರೆ ಸಾಕು. ಗುಡಿಯದೋ ಮಸೀದಿಯದೋ ಸುದ್ದಿ ಬಂದು, ಯಾರೋ ಹಲ್ಲು ಕಚ್ಚಿ ಮಾತಾಡುವುದನ್ನು ತೋರಿಸಿದಾಗ ಒಂದು ಕ್ಷಣ ತಡೆಯಿರಿ. ಇವರಿಗೆ ಕೇಳಿದ ಪ್ರಶ್ನೆ ಏನಿತ್ತು ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಮನೆಯಲ್ಲಿ ಜೋರಾಗಿಯೇ ಕೇಳಿ, ಮಕ್ಕಳಿಗೂ ಕೇಳಿಸಲಿ. ಆ ಪ್ರಶ್ನೆ ಗೊತ್ತಾಗುವವರೆಗೆ ಅದನ್ನು ಇನ್ನೊಬ್ಬರ ಮೊಬೈಲಿಗೆ ದಾಟಿಸಬೇಡಿ. ನಿಮ್ಮ ಕಡೆಯವರ ಪರವಾದ ಸುದ್ದಿಯಾಗಿದ್ದರೆ ಅದನ್ನಂತೂ ದಾಟಿಸಲೇಬೇಡಿ.

ಇನ್ನೊಂದು ಮಾತು ಇದಕ್ಕಿಂತ ಕಷ್ಟದ್ದು. ಈ ನಾಲ್ಕೈದು ವರ್ಷದಲ್ಲಿ ನೀವು ಯಾರ ಜೊತೆಗೋ ಮಾತು ಬಿಟ್ಟಿದ್ದೀರಿ. ಅವರು ನಿಮಗೆ ಏನೂ ಅಂದಿಲ್ಲ, ಅವರ ಜನ ಹೀಗಂತೆ ಎಂದು ನೀವು ಎಲ್ಲೋ ನೋಡಿದ್ದೀರಿ, ಅಷ್ಟೆ. ಈಗ ನಿಮಗೆ ಆ ಮುಖ ನೆನಪಾಗುತ್ತಿದೆ, ನನಗೆ ಗೊತ್ತು. ಇವತ್ತು ಪ್ರಸಾದ ಆಮೇಲೆ. ಮೊದಲು ಎದ್ದು ಅವರ ಬಾಗಿಲಿಗೆ ಹೋಗಿ. ಹಳೆಯ ಜಗಳ ಇದ್ದರೆ ಅದನ್ನೇ ಆಡಿ. ಅಜ್ಜ ಮಾಡಬೇಕಾಗಿದ್ದುದು ಇಷ್ಟೇ. "ನೀ ಅಂದಿದ್ದು ನನಗೋ, ಕಳ್ಳಗೋ?" ಎಂದು ಒಂದು ಮಾತು ಅವಳನ್ನೇ ಕೇಳಬಹುದಿತ್ತು. ಅವಳು ಹೊಸ್ತಿಲ ಒಳಗೆ ಕೂತು ಕಾಯುತ್ತಿದ್ದಳು. ಅವನು ಎಲ್ಲವನ್ನೂ ನೋಡಿದ, ಎಲ್ಲರ ಮಾತನ್ನೂ ಕೇಳಿದ, ಅವಳೊಬ್ಬಳನ್ನು ಮಾತ್ರ ಕೇಳಲಿಲ್ಲ.

ಏಳಿ, ಹೋಗಿ ಕೇಳಿ ಬನ್ನಿ.