ಮೂವತ್ತೈದು ಸಾಹೇಬರು

ಮಳೆ ಹಿಡಿದು ಒಂದು ಗಂಟೆಯಾಗಿತ್ತು. ಕತ್ತಲಾಗುವ ಹೊತ್ತಿಗೆ ಸರಿಯಾಗಿ ಕರೆಂಟೂ ಹೋಯಿತು. ಕಾಂಕ್ರೀಟಿನ ಗಟ್ಟಿತನ ಪರೀಕ್ಷಿಸುವ ಆ ಹಳೆಯ ಲ್ಯಾಬಿನಲ್ಲಿ ಕರೆಂಟಿಲ್ಲದೆ ಮಾಡಬಹುದಾದ ಕೆಲಸ ಒಂದೇ, ಕಾಯುವುದು. ಕ್ಯೂಬು ಒಡೆಯುವ ಮಿಷನ್ನು ಗೊರಗೊರ ನಿಲ್ಲಿಸಿ ತೆಪ್ಪಗಾಯಿತು. ಅದನ್ನು ನಡೆಸುವ ಹೆಂಗಸು ಕೈ ಒರೆಸಿಕೊಂಡು ಕಿಟಕಿ ಪಕ್ಕದ ಬೆಂಚಿಗೆ ಬಂದಳು. ಜೀಪಿನ ಡ್ರೈವರು ಒಳಗೆ ಓಡಿಬಂದು ಬಾಗಿಲಲ್ಲೇ ತಲೆ ಕೊಡವಿಕೊಂಡ. ಅವನ ಜೀಪಿನಲ್ಲಿ ಬಂದಿದ್ದ ಹೊಸ ಇಂಜಿನಿಯರ್ ಹುಡುಗಿ ಮಾತ್ರ ಫೈಲನ್ನು ಎದೆಗವಚಿಕೊಂಡು ನಿಂತೇ ಇದ್ದಳು.

ಅವಳು ಬಂದದ್ದು ಮೂರು ಕ್ಯೂಬುಗಳಿಗಾಗಿ. ಹೊಸ ಸೇತುವೆಯ ನಡುಗಂಬಕ್ಕೆ ಕಾಂಕ್ರೀಟು ಹಾಕಿದ ದಿನ, ಅದೇ ಕಾಂಕ್ರೀಟನ್ನು ಕಬ್ಬಿಣದ ಚೌಕ ಅಚ್ಚುಗಳಲ್ಲಿ ತುಂಬಿ ಇಲ್ಲಿಗೆ ಕಳಿಸಿದ್ದರು. ಇಪ್ಪತ್ತೆಂಟು ದಿನ ನೀರಿನ ತೊಟ್ಟಿಯಲ್ಲಿ ಮುಳುಗಿದ್ದ ಅವನ್ನು ಇವತ್ತು ಮಿಷನ್ನಿಗಿಟ್ಟು ಒಡೆದು ನೋಡಬೇಕು. ಕ್ಯೂಬು ಗಟ್ಟಿಯಿದ್ದರೆ ಕಂಬವೂ ಗಟ್ಟಿ ಎಂಬುದು ಲೆಕ್ಕ. ಫೈಲಿನಲ್ಲಿ 'ನನ್ನ ಕಣ್ಣೆದುರೇ ತುಂಬಿದ್ದು' ಎಂಬ ಸಾಲಿನ ಕೆಳಗೆ ಅವಳ ಸಹಿ ಇತ್ತು. ಆದರೆ ಆ ದಿನ ಅವಳು ಅಲ್ಲಿರಲಿಲ್ಲ, ನದಿಯ ಆಚೆ ದಡದಲ್ಲಿ ಅಳತೆ ಹಿಡಿಯುತ್ತಿದ್ದಳು. ಸಂಜೆ ಮೇಲಧಿಕಾರಿ ಫೈಲು ಚಾಚಿ, "ಎಲ್ಲರೂ ಹಾಕೋದೇ ಕಣಮ್ಮ, ಹಾಕ್ಬಿಡು" ಅಂದಿದ್ದರು. ಮೊದಲ ಕೆಲಸ, ಮೊದಲ ಸೇತುವೆ. ಹಾಕಿಬಿಟ್ಟಿದ್ದಳು. ಅಂದಿನಿಂದ ಆ ಸಹಿ ಅವಳಿಗೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಆಗಾಗ ಸಿಗುತ್ತಿತ್ತು.

"ಕೂತ್ಕೋ ಮಗಳೇ. ನೀನು ನಿಂತಿದೀಯ ಅಂತ ಕರೆಂಟೇನು ಬೇಗ ಬರಲ್ಲ" ಎಂದಳು ಮೂಲೆಯಲ್ಲಿದ್ದ ಅಜ್ಜಿ.

ಮಿಷನ್ನಿನ ಹೆಂಗಸಿನ ತಾಯಿ ಆಕೆ. ನಲವತ್ತು ವರ್ಷ ಈ ಲ್ಯಾಬಿನಲ್ಲಿ ಕ್ಯೂಬು ತುಂಬಿದವಳು. ಕೆಲಸ ಮುಗಿದು ಎಷ್ಟೋ ಕಾಲವಾಗಿದ್ದರೂ ದಿನಾ ಬೆಳಿಗ್ಗೆ ಮಗಳ ಜೊತೆ ಬಂದು, ತೊಟ್ಟಿಯೊಳಗಿನ ಕ್ಯೂಬುಗಳನ್ನು ಎಣಿಸಿದ ಮೇಲೇ ಟೀ ಕುಡಿಯುತ್ತಿದ್ದಳು. ಬೇಡ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಡ್ರೈವರು ಸುಮ್ಮನಿರಲಾರದೆ ಕೇಳಿದ. "ಅಜ್ಜಿ, ಇಲ್ಲಿ ದೆವ್ವ ಇದೆಯಂತೆ, ಹೌದಾ?"

"ಇದೆಯಂತೆ ಅಂತ ಹಗುರವಾಗಿ ಮಾತಾಡ್ಬೇಡ. ಇದ್ದಾರೆ. ಮರ್ಯಾದಸ್ಥರು."

ಡ್ರೈವರು ನಕ್ಕ. ಅಜ್ಜಿ ನಗಲಿಲ್ಲ. ಸೆರಗನ್ನು ಭುಜದ ಸುತ್ತ ಎಳೆದುಕೊಂಡು ಶುರುಮಾಡಿದಳು.

"ಕೇಳಿ ಹಾಗಾದ್ರೆ. ನಾನು ಇಲ್ಲಿಗೆ ಸೇರಿದಾಗ ಈ ಲ್ಯಾಬಿಗೆ ದೊಡ್ಡವರು ಅಂದ್ರೆ ಮೂವತ್ತೈದು ಸಾಹೇಬ್ರು. ಅವರಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತೇನೋ, ನಾವ್ಯಾರೂ ಬಳಸ್ಲಿಲ್ಲ. ಯಾಕೆ ಮೂವತ್ತೈದು ಅಂತೀರಾ? ಅಚ್ಚಿಗೆ ಕಾಂಕ್ರೀಟು ಮೂರು ಪದರ ಹಾಕ್ಬೇಕು, ಒಂದೊಂದು ಪದರಾನೂ ಕಬ್ಬಿಣದ ಸಲಾಕೆಯಿಂದ ಮೂವತ್ತೈದು ಸಲ ಕುಟ್ಟಬೇಕು, ಪುಸ್ತಕದಲ್ಲಿ ಹಾಗಿದೆ. ಬೇರೆ ಕಡೆ ಇಪ್ಪತ್ತು ಕುಟ್ಟಿ ಟೀ ಕುಡಿಯೋಕೆ ಎದ್ದು ಹೋಗ್ತಾರೆ. ಇವರು ನನ್ನ ಬೆನ್ನ ಹಿಂದೆ ಕೈಕಟ್ಟಿ ನಿಂತು ಒಂದು... ಎರಡು... ಮೂರು... ಅಂತ ಬಾಯಿಬಿಟ್ಟು ಎಣಿಸೋರು. ಮೂವತ್ತನಾಲ್ಕಕ್ಕೆ ಕೈ ನಿಲ್ಲಿಸಿದ್ರೆ ಮುಗೀತು, ಅಚ್ಚು ಖಾಲಿ ಮಾಡಿಸಿ ಮತ್ತೆ ಒಂದರಿಂದ. ಮನಸ್ಸಲ್ಲೇ ಅವರಿಗೆ ನಾನು ಎಷ್ಟು ಶಾಪ ಹಾಕಿದೀನೋ ಲೆಕ್ಕ ಇಲ್ಲ. ಎಲ್ಲ ಆದ ಮೇಲೆ ಹಸಿ ಕಾಂಕ್ರೀಟಿನ ಮೇಲೆ ಮೊಳೆಯಿಂದ ತಾರೀಖು ಬರೆದು, ಅದರ ಕೆಳಗೆ ಬಲಕ್ಕೆ ಬಾಗಿದ ಒಂದು ಗೀಟು ಎಳೆಯೋರು. ಅದೇ ಅವರ ಗುರುತು. ಆ ಗೀಟಿದ್ದ ಕ್ಯೂಬಿನ ಬಗ್ಗೆ ಯಾರೂ ಎರಡನೇ ಮಾತಾಡ್ತಿರಲಿಲ್ಲ.

"ಒಂದಿನ ಕೇಳೇಬಿಟ್ಟೆ, ಸಾಹೇಬ್ರೇ, ಒಂದು ಏಟು ಕಮ್ಮಿಯಾದ್ರೆ ಏನು ಮುಳುಗಿಹೋಗುತ್ತೆ ಅಂತ. ಅವರು ಬೈಯಲಿಲ್ಲ. ಈ ಕಿಟಕಿ ಹತ್ತಿರ ಕರೆದು ಆ ಮೇಲುಸೇತುವೆ ತೋರಿಸಿದ್ರು. 'ನೋಡಮ್ಮ, ಅದರ ಕೆಳಗೆ ಎಷ್ಟು ಜನ ಹೋಗ್ತಿದ್ದಾರೆ. ಒಬ್ಬರಾದ್ರೂ ತಲೆ ಎತ್ತಿ ನೋಡಿದ್ರಾ? ಹಾಗೆ ನೋಡದೆ ನಡ್ಕೊಂಡು ಹೋಗ್ತಾರಲ್ಲ, ಅದಕ್ಕಿಂತ ದೊಡ್ಡ ಸನ್ಮಾನ ನಮಗೆ ಬೇಡ' ಅಂದ್ರು. ಅವತ್ತಿಂದ ನಾನು ಶಾಪ ಹಾಕೋದು ಬಿಟ್ಟೆ. ಎದೆ ಇಷ್ಟಗಲ ಮಾಡ್ಕೊಂಡು ಕುಟ್ಟಿದೆ.

"ಆಮೇಲೆ ಅವರು ಹೋದ್ರು... ಏನೂ ವಿಶೇಷ ಇಲ್ಲ, ಆ ಕುರ್ಚಿಯಲ್ಲೇ, ರಿಜಿಸ್ಟರಿನ ಸಾಲು ಅರ್ಧಕ್ಕೆ ನಿಂತಿತ್ತು, ಪೆನ್ನು ಕೈಯಲ್ಲೇ ಇತ್ತು. ಅವರ ಜಾಗಕ್ಕೆ ಬಂದವನು ಎಲ್ಲರ ಜೊತೆ ಹೊಂದ್ಕೊಂಡು ಹೋಗೋ ಮನುಷ್ಯ. ಹಾಗಂತ ಅವನೇ ಹೇಳ್ಕೊಳ್ಳೋನು. ಆಗ ಆಸ್ಪತ್ರೆ ಹಿಂದುಗಡೆ ದೊಡ್ಡ ನೀರಿನ ಟ್ಯಾಂಕು ಕಟ್ತಿದ್ರು. ಅದರ ಕಂಬಗಳಿಗೆ ಹಾಕಿದ ಕಾಂಕ್ರೀಟು ನೀರುನೀರಾಗಿತ್ತು, ಎಲ್ಲರಿಗೂ ಗೊತ್ತಿತ್ತು. ಅವನು ನನ್ನ ಕರೆದು, 'ನೀನೇ ಇಲ್ಲಿ ಸಿಮೆಂಟು ಧಾರಾಳವಾಗಿ ಹಾಕಿ ಮೂರು ಕ್ಯೂಬು ತುಂಬಮ್ಮ, ಕಂಬದ್ದೇ ಅಂತ ಬರ್ಕೊಳ್ಳೋಣ, ನಿನ್ನ ಕೆಲಸ ಖಾಯಂ ಮಾಡಿಸ್ತೀನಿ' ಅಂದ. ಇವಳು ಆಗ ಕೈಗೂಸು. ನಾನು ದಿನಗೂಲಿಯವಳು. ಏನು ಮಾಡಿದೆ ಅಂತೀರಾ?... ತುಂಬಿದೆ. ಮುಚ್ಚಿಡೋದೇನು, ಈ ಕೈಯಿಂದಲೇ ತುಂಬಿದೆ. ಆದ್ರೆ ನೋಡಿ, ಕುಟ್ಟೋಕೆ ಕೂತ್ರೆ ಕೈ ಮೂವತ್ತೈದಕ್ಕೆ ಮುಂಚೆ ನಿಲ್ಲಲೇ ಇಲ್ಲ. ಸುಳ್ಳು ಕ್ಯೂಬನ್ನೂ ನಿಯತ್ತಾಗಿ ಕುಟ್ಟಿದೆ."

ಮಗಳು ತಲೆ ತಗ್ಗಿಸಿ ನಕ್ಕಳು. ಇದನ್ನು ಅವಳು ಎಷ್ಟನೇ ಸಲ ಕೇಳುತ್ತಿದ್ದಳೋ. ಇಂಜಿನಿಯರ್ ಹುಡುಗಿ ಯಾವಾಗ ಬೆಂಚಿನ ತುದಿಯಲ್ಲಿ ಕೂತಳೋ ಅವಳಿಗೇ ತಿಳಿಯಲಿಲ್ಲ.

"ಇಪ್ಪತ್ತೆಂಟನೇ ದಿನ ತೊಟ್ಟಿಗೆ ಕೈ ಹಾಕ್ತೀನಿ, ಒಂದು, ಎರಡು, ಮೂರು... ನಾಲ್ಕು. ನಾನು ಹಾಕಿದ್ದು ಮೂರು. ನಾಲ್ಕನೇದನ್ನ ಬೆಳಕಿಗೆ ಹಿಡಿದ್ರೆ, ಅದೇ ತಾರೀಖು, ಅದರ ಕೆಳಗೆ ಬಲಕ್ಕೆ ಬಾಗಿದ ಗೀಟು. ಸಾಹೇಬ್ರು ಹೋಗಿ ಆಗಲೇ ಆರು ತಿಂಗಳಾಗಿತ್ತು. ಹೊಸಬ ನಕ್ಕುಬಿಟ್ಟ, ಯಾರೋ ತಮಾಷೆ ಮಾಡಿದ್ದಾರೆ, ಒಡೀರಿ ಅಂದ. ಮಿಷನ್ನಿನ ಮುಳ್ಳು ಇಪ್ಪತ್ತು ಮುಟ್ಟೋವರೆಗೆ ಕ್ಯೂಬು ತಡ್ಕೊಂಡ್ರೆ ಪಾಸು. ನನ್ನ ಮೂರೂ ಮೂವತ್ತು ದಾಟಿದ್ವು. ನಾಲ್ಕನೇದು ಒಂಬತ್ತಕ್ಕೇ ಪುಡಿಯಾಯ್ತು. ಚೂರುಗಳನ್ನ ಹಿತ್ತಲಿಗೆ ಎಸೆದ್ವಿ. ಮಾರನೇ ಬೆಳಿಗ್ಗೆ ಬಂದು ನೋಡ್ತೀನಿ, ಚೂರು ಹಿತ್ತಲಲ್ಲಿ ಹಾಗೇ ಬಿದ್ದಿದೆ, ಕ್ಯೂಬು ತೊಟ್ಟಿಯಲ್ಲಿ ಇಡಿಯಾಗಿ ಕೂತಿದೆ! ಮತ್ತೆ ಒಡೆದ್ವಿ, ಮತ್ತೆ ಒಂಬತ್ತು. ಮೂರನೇ ದಿನ ಹೊಸಬ ಜ್ವರ ಅಂತ ಬರಲೇ ಇಲ್ಲ.

"ನಾನೊಬ್ಬಳೇ ತೊಟ್ಟಿ ಹತ್ತಿರ ಕೂತಿದ್ದೆ. ಹಿಂದಿನಿಂದ ಕೇಳಿಸ್ತು... ಒಂದು... ಎರಡು... ಮೂರು... ಅದೇ ದನಿ, ಅದೇ ನಿಧಾನ. ನಾನು ತಿರುಗಿ ನೋಡಲಿಲ್ಲ. ಹೆದರಿಕೆಯಿಂದ ಅಲ್ಲ ರೀ, ನಾಚಿಕೆಯಿಂದ. ಯಾವ ಮುಖ ಇಟ್ಕೊಂಡು ನೋಡ್ಲಿ? ಮೂವತ್ತೆರಡು... ಮೂವತ್ತಮೂರು... ಮೂವತ್ತನಾಲ್ಕು... ಅಲ್ಲಿಗೆ ದನಿ ನಿಂತುಹೋಯ್ತು. ಕಾದೆ. ಬರಲೇ ಇಲ್ಲ. ಆಮೇಲೆ ಅರ್ಥ ಆಯ್ತು, ಉಳಿದ ಒಂದು ನನ್ನ ಬಾಯಿಂದ ಬರಬೇಕು ಅಂತ. ಕೂಸನ್ನ ಸೊಂಟಕ್ಕೇರಿಸ್ಕೊಂಡು ಸೀದಾ ಚೀಫ್ ಇಂಜಿನಿಯರ್ ಆಫೀಸಿಗೆ ನಡೆದೆ. ಸುಳ್ಳು ಕ್ಯೂಬು ತುಂಬಿದವಳು ನಾನೇ ಅಂದೆ. ಕಂಬದಿಂದಲೇ ಒಂದು ತುಂಡು ಕೊರೆದು ತೆಗೆದು ಪರೀಕ್ಷೆ ಮಾಡಿಸಿದ್ರು. ಎಷ್ಟು ಬಂತು ಹೇಳಿ? ಒಂಬತ್ತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಕಂಬಗಳನ್ನ ನೆಲಸಮ ಮಾಡಿ ಹೊಸದಾಗಿ ಕಟ್ಟಿದ್ರು. ಆ ಟ್ಯಾಂಕು ಇವತ್ತಿಗೂ ನಿಂತಿದೆ, ಅದರ ಕೆಳಗೆ ರೋಗಿಗಳ ಮನೆಯವರು ನೆರಳಿಗೆ ಕೂರ್ತಾರೆ, ಯಾರೂ ತಲೆ ಎತ್ತಿ ನೋಡಲ್ಲ.

"ಕೆಲಸದಿಂದ ತೆಗೆದು ನನ್ನನ್ನ ಎಂಟು ತಿಂಗಳು ಮನೆಯಲ್ಲಿ ಕೂರಿಸಿದ್ರು, ಆಮೇಲೆ ಅವರೇ ಕರೆದ್ರು. ಈಗ ನೋಡಿ, ನಮ್ಮ ಮಿಷನ್ನು ಹಳೇದು, ಗೋಡೆ ಸುಣ್ಣ ಕಂಡು ಎಷ್ಟು ವರ್ಷ ಆಯ್ತೋ. ಆದ್ರೂ ಎಲ್ಲೆಲ್ಲಿಂದಲೋ ಕ್ಯೂಬು ಇಲ್ಲಿಗೇ ಬರುತ್ತೆ. ನಮ್ಮ ಸೀಲು ಬಿದ್ದ ಕಾಗದ ನೋಡಿದ್ರೆ ಎಂಥ ಇಂಜಿನಿಯರೂ ಮರುಮಾತಾಡಲ್ಲ. ಬೇರೆ ಲ್ಯಾಬಿನವರ ಹತ್ತಿರ ದೊಡ್ಡ ಮಿಷನ್ನುಗಳಿವೆ, ನಮ್ಮ ಹತ್ತಿರ ಸಾಹೇಬ್ರಿದ್ದಾರೆ. ಹೆದರಿಸೋಕೆ ಬರ್ತಾರೆ ಅಂದ್ಕೋಬೇಡಿ. ಕೆಲಸ ಮುಗಿಸೋಕೆ ಬರ್ತಾರೆ. ಇಂಜಿನಿಯರ್ ಅಲ್ವಾ?"

ಡ್ರೈವರು ಯಾವಾಗಲೋ ಎರಡೂ ಕಾಲುಗಳನ್ನು ಬೆಂಚಿನ ಮೇಲೆ ಎತ್ತಿಕೊಂಡಿದ್ದ. ಅಷ್ಟರಲ್ಲಿ ಕರೆಂಟು ಬಂತು. ಮಿಷನ್ನು ಗೊರಗೊರ ಎಂದಿತು. ಅಜ್ಜಿಯ ಮಗಳು ಎದ್ದು, "ನಿಮ್ಮ ಮೂರೂ ತೊಟ್ಟಿಯಿಂದ ತಗೊಂಡು ಬನ್ನಿ ಮೇಡಂ" ಎಂದಳು.

ಹುಡುಗಿ ಪಕ್ಕದ ಕೋಣೆಯ ತೊಟ್ಟಿಯವರೆಗೆ ಹೋದಳು. ತೊಟ್ಟಿಯ ನೀರು ಕಪ್ಪಗಿತ್ತು, ಒಳಗೇನಿದೆ ಎಂದು ಕಾಣುತ್ತಿರಲಿಲ್ಲ. ಕೈ ಹಾಕಿ ತನ್ನ ಸೇತುವೆಯ ಕ್ಯೂಬುಗಳನ್ನು ಎಣಿಸಿದರೆ ಆಯಿತು. ಮೂರೇ ಇದ್ದರೆ ಫೈಲು ಮುಚ್ಚಿ ಮನೆಗೆ ಹೋಗಬಹುದು, ಮೇಲಧಿಕಾರಿಗೂ ಖುಷಿ, ಸೇತುವೆಯ ಕೆಲಸವೂ ನಿಲ್ಲದೆ ಮುಂದೆ ಸಾಗುತ್ತದೆ. ಅಂಗಿಯ ತೋಳು ಮೇಲಕ್ಕೆ ಮಡಚಿದಳು. ಆಗ ಅವಳಿಗೊಂದು ಸಂಗತಿ ಹೊಳೆಯಿತು. ಮೂರಿದ್ದರೂ, ನಾಲ್ಕಿದ್ದರೂ, ಆ ದಿನ ಅವಳು ಅಲ್ಲಿರಲಿಲ್ಲ.

ಕೈ ಒದ್ದೆ ಮಾಡಿಕೊಳ್ಳದೆ ವಾಪಸು ಬಂದಳು. ಮೇಜಿನ ಮೇಲೆ ಫೈಲು ಬಿಡಿಸಿ, ತನ್ನ ಸಹಿಯ ಮೇಲೆ ಅಡ್ಡಗೆರೆ ಎಳೆದು, 'ಕ್ಯೂಬು ತುಂಬುವಾಗ ನಾನು ಹಾಜರಿರಲಿಲ್ಲ. ಕಂಬವನ್ನು ಕೊರೆದು ಪರೀಕ್ಷಿಸಬೇಕು' ಎಂದು ಬರೆದು ಹೊಸದಾಗಿ ಸಹಿ ಹಾಕಿದಳು. ಆಮೇಲೆ ಮೇಲಧಿಕಾರಿಗೆ ಫೋನು ಮಾಡಿದಳು. ಆ ಕಡೆಯ ಕೂಗಾಟ ಡ್ರೈವರಿಗೂ ಕೇಳುತ್ತಿತ್ತು. ಅವಳ ಮಾತು ಮಾತ್ರ ಬದಲಾಗಲಿಲ್ಲ. "ಹೌದು ಸರ್. ಕೆಲಸ ನಿಲ್ಲುತ್ತೆ ಅಂತ ಗೊತ್ತು ಸರ್. ಬರೆದೂ ಆಯ್ತು ಸರ್."

ಫೋನು ಇಟ್ಟಾಗ ಅವಳ ಕಣ್ಣು ತುಂಬಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು. ಅಜ್ಜಿ ಎದ್ದು ಬಂದು ಅವಳ ಕೈ ಹಿಡಿದುಕೊಂಡಳು. ಆ ಕೈ ಒರಟಾಗಿತ್ತು, ಬೆಚ್ಚಗಿತ್ತು.

"ಇಷ್ಟು ವರ್ಷದಲ್ಲಿ ಸಾಹೇಬ್ರು ಹನ್ನೊಂದು ಸಲ ಬಂದಿದ್ದಾರೆ. ಹನ್ನೊಂದು ಸಲಾನೂ ತಪ್ಪು ಮಾಡಿದವರು ಬಾಯಿಬಿಟ್ಟದ್ದು ಕ್ಯೂಬು ನೋಡಿದ ಮೇಲೆ. ನಾನೂ ಅಷ್ಟೇ. ನೋಡದೆ ಹೇಳಿದವಳು ನೀನೊಬ್ಬಳೇ ಮಗಳೇ. ಸಾಹೇಬ್ರು ಇದ್ದಿದ್ರೆ... ಏನು ಇದ್ದಿದ್ರೆ, ಇಲ್ಲೇ ಇದ್ದಾರೆ, ಕೇಳಿಸ್ಕೊಂಡಿರ್ತಾರೆ. ಇವತ್ತಿಂದು ಸೇರಿದ್ರೆ ಹನ್ನೆರಡಾಯ್ತು."

"ಇವತ್ತಿಂದು ಅಂದ್ರೆ?" ಎಂದಳು ಹುಡುಗಿ.

ಅಜ್ಜಿ ಪಕ್ಕದ ಕೋಣೆಯ ಕಡೆ ನೋಡಿ, ಹಿರಿಯರೆದುರು ಮಾತಾಡುವ ಹಾಗೆ ದನಿ ತಗ್ಗಿಸಿದಳು.

"ಸುಮ್ಮನೆ ಕತೆ ಹೇಳೋಕೆ ನಂಗೇನು ಹುಚ್ಚಾ? ಬೆಳಿಗ್ಗೆ ನಾನು ಎಣಿಸಿದಾಗಲೇ ನಿನ್ನ ಮೂರರ ಜಾಗದಲ್ಲಿ ನಾಲ್ಕಿತ್ತು. ನಾಲ್ಕನೇದರ ಮೇಲಿನ ಗೀಟು ಆಗಷ್ಟೇ ಎಳೆದ ಹಾಗೆ ಇನ್ನೂ ಹಸಿಯಾಗಿತ್ತು."