ದಶಮಿಯವರೆಗೆ ಎತ್ತಬಾರದು

ಈ ದಸರಾ ಸಮ್ಮಿಲನದ ಅಧ್ಯಕ್ಷತೆ ವಹಿಸಿರುವ ಡಾಕ್ಟರ್ ತಿಪ್ಪಣ್ಣನವರೇ, ವೇದಿಕೆಯ ಮೇಲೆ ನನಗಿಂತ ನೆಟ್ಟಗೆ ಕುಳಿತಿರುವ ಗಣ್ಯರೇ, ಬಿಸಿಬೇಳೆಬಾತಿನ ವಾಸನೆ ಒಳಗೆ ಬಂದ ಮೇಲೂ ಎದ್ದು ಹೋಗದೆ ಕುಳಿತಿರುವ ಸಹೃದಯ ಸಭಿಕರೇ, ಹಿಂದಿನ ಗೋಡೆಗೆ ಒರಗಿಕೊಂಡು ಫೋನ್ ನೋಡುತ್ತಿರುವ ಯುವಕನ್ನಡಿಗರೇ, ನಿಮಗೆಲ್ಲ ಜಯರಾಮು ಮಾಡುವ ವಂದನೆಗಳು.

ಮೊದಲು ಈ ಪೇಟದ ವಿಷಯ ಹೇಳಿಬಿಡುತ್ತೇನೆ. ಮೈಸೂರಿನಿಂದಲೇ ತರಿಸಿದ್ದೆಂದು ನಿರೂಪಕರು ಹೇಳಿದರು, ಸಂತೋಷ. ಆದರೆ ನನ್ನ ತಲೆಗೆ ದೊಡ್ಡದು. ಮಾತಿನ ನಡುವೆ ಕಣ್ಣಿನ ಮೇಲೆ ಜಾರಿದರೆ ಜಯರಾಮು ಭಾವುಕನಾದ ಎಂದು ಯಾರೂ ತಿಳಿಯಬಾರದು. ಶಾಲು ಹೊದಿಸಿದ್ದೀರಿ, ಹಣ್ಣಿನ ಬುಟ್ಟಿ ಕೊಟ್ಟಿದ್ದೀರಿ, 'ಬಂದೂಕು ಸುರಕ್ಷತೆಗಾಗಿ ಹೋರಾಡುತ್ತಿರುವ ನಮ್ಮ ಹೆಮ್ಮೆಯ ಕನ್ನಡಿಗ' ಎಂದಿದ್ದೀರಿ. ಹೋರಾಟವೆಂದರೆ ಯಾವುದು ಸ್ವಾಮಿ? ಶನಿವಾರ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಕಿತ್ತಳೆ ಟೀ ಶರ್ಟ್ ಹಾಕಿಕೊಂಡು ಕರಪತ್ರ ಹಿಡಿದು ನಿಲ್ಲುವುದು ಹೋರಾಟವೇ? ನಿಜವಾಗಿ ಹೋರಾಡುವವಳು ನನ್ನ ಹೆಂಡತಿ ಸೌಜನ್ಯ. ನಾನು ಅವಳ ಡ್ರೈವರ್. ಈಸ್ಟ್ ಬ್ರನ್ಸ್‌ವಿಕ್‌ನಿಂದ ಟ್ರೆಂಟನ್‌ನ ಶಾಸನಸಭೆಗೆ ಅವಳನ್ನು ಡ್ರೈವ್ ಮಾಡಿ ಮಾಡಿ, ಕಾರು ನಿಲ್ಲಿಸಿ ಒಳಗೆ ಬಂದು ಕುಳಿತು ಕುಳಿತು, ಒಂದು ದಿನ ಪೋಷಕರ ಸಮಿತಿಯ ಸಂಚಾಲಕನಾಗಿಬಿಟ್ಟೆ.

ನನಗೆ ಇವತ್ತು ಸ್ವಲ್ಪ ಗೊಂದಲವಿದೆ. ಬರೆದುಕೊಂಡು ಬಂದ ಭಾಷಣ ಜೇಬಿನಲ್ಲಿದೆ, ಆದರೆ ಅದನ್ನು ಓದುವ ಮನಸ್ಸಾಗುತ್ತಿಲ್ಲ. ಈ ರಾತ್ರಿ ನನ್ನ ಮಗಳು ನಿಧಿ ಅಧ್ಯಕ್ಷರ ಮನೆಯಲ್ಲಿ ಮಲಗುತ್ತಾಳೆ. ಅವರ ದೊಡ್ಡ ಮಗಳು ಅಕ್ಷತಾ ಇವಳ ಪ್ರಾಣಸ್ನೇಹಿತೆ. ಬ್ಯಾಗು, ದಿಂಬು ಎಲ್ಲ ಆಗಲೇ ಅಧ್ಯಕ್ಷರ ಕಾರಿನಲ್ಲಿವೆ. ಅದಕ್ಕೂ ಈ ಭಾಷಣಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ಎಲ್ಲಿಂದ ಶುರು ಮಾಡಬೇಕು ಎನ್ನುವುದೇ ತಿಳಿಯುತ್ತಿಲ್ಲ.

ಗೆಜ್ಜೆಯಿಂದ ಶುರು ಮಾಡುತ್ತೇನೆ. ನಿಧಿ ಒಂದನೇ ತರಗತಿಯಲ್ಲಿದ್ದಾಗ ನಮ್ಮ ಅತ್ತೆಯವರು ಬೆಳ್ಳಿಯ ಕಾಲ್ಗೆಜ್ಜೆ ಕಳಿಸಿದ್ದರು. ಮಗು ಅದನ್ನು ತೆಗೆಯಲೇ ಒಲ್ಲಳು. ಸ್ನಾನಕ್ಕೂ ಗೆಜ್ಜೆ, ಶಾಲೆಗೂ ಗೆಜ್ಜೆ. ಒಂದು ಸಂಜೆ ಮನೆಗೆ ಬಂದವಳು ತಾನಾಗಿಯೇ ಕಾಲು ಮುಂದೆ ಚಾಚಿ, "ಅಮ್ಮಾ, ಟೇಕ್ ಇಟ್ ಆಫ್" ಎಂದಳು. ಏಕಮ್ಮಾ ಎಂದರೆ, ಅವತ್ತು ಶಾಲೆಗೆ ಯಾರಾದರೂ ಬಂದೂಕು ಹಿಡಿದು ನುಗ್ಗಿದರೆ ಹೇಗೆ ಅಡಗಬೇಕು ಎನ್ನುವ ಲಾಕ್‌ಡೌನ್ ಡ್ರಿಲ್ ಇತ್ತಂತೆ. ದೀಪ ಆರಿಸಿ, ಮಕ್ಕಳನ್ನೆಲ್ಲ ಮೂಲೆಯಲ್ಲಿ ಕೂರಿಸಿ, ಉಸಿರೂ ಕೇಳಿಸಬಾರದು ಎಂದಿದ್ದರಂತೆ. ಇವಳ ಗೆಜ್ಜೆ ಸದ್ದು ಮಾಡಿತಂತೆ. "ದ ಬ್ಯಾಡ್ ಗೈ ವಿಲ್ ಹಿಯರ್ ಮೀ" ಎಂದಳು. ಸೌಜನ್ಯ ಗೆಜ್ಜೆ ಬಿಚ್ಚಿದಳು. ಬಿಚ್ಚುವಾಗ ಅಳಲಿಲ್ಲ, ಮಾರನೆಯ ದಿನ ಆ ಸಮಿತಿಯ ಮೀಟಿಂಗಿಗೆ ಹೋದಳು. ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.

ನಾವು ಕೇಳುತ್ತಿರುವುದೇನು? ಬಂದೂಕು ಕಿತ್ತುಕೊಳ್ಳಿ ಎಂದಲ್ಲ. ಮಕ್ಕಳಿರುವ ಮನೆಯಲ್ಲಿ ಬಂದೂಕಿಗೆ ಬೀಗ ಹಾಕಿ, ಗುಂಡನ್ನು ಬೇರೆ ಕಡೆ ಇಡಿ, ಇದಕ್ಕೆ ಕಾನೂನು ಇನ್ನಷ್ಟು ಬಿಗಿಯಾಗಲಿ, ಅಷ್ಟೇ. ಕಾನೂನು ಆಗುವಾಗ ಆಗುತ್ತದೆ. ಅಲ್ಲಿಯವರೆಗೆ ಪೋಷಕರು ಮಾಡಬೇಕಾದ ಕೆಲಸ ಒಂದೇ: ಕೇಳುವುದು. ಮಗುವನ್ನು ಇನ್ನೊಬ್ಬರ ಮನೆಗೆ ಆಡಲು ಕಳಿಸುವ ಮುಂಚೆ, ನಿಮ್ಮ ಮನೆಯಲ್ಲಿ ನಾಯಿ ಇದೆಯೇ, ಈಜುಕೊಳ ಇದೆಯೇ ಎಂದು ಕೇಳುವ ಹಾಗೆಯೇ, ಬಂದೂಕು ಇದೆಯೇ, ಬೀಗ ಹಾಕಿದೆಯೇ ಎಂದು ಕೇಳಬೇಕು. ಇದನ್ನು ನಾನು ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೇನೆ! ಪಾರ್ಸಿಪನಿಯ ಆಫೀಸಿನ ಲಂಚ್ ರೂಮಿನಲ್ಲಿ ಹೇಳಿಕೊಟ್ಟಿದ್ದೇನೆ. ಎಡಗಡೆ ಮನೆಯ ಅಮೆರಿಕನ್ ಯಜಮಾನನನ್ನು ಬೇಲಿಯ ಮೇಲಿಂದಲೇ ಕೇಳಿದ್ದೇನೆ. ಆತ, "ಥ್ಯಾಂಕ್ಸ್ ಫಾರ್ ಆಸ್ಕಿಂಗ್" ಎಂದು ಗರಾಜಿಗೆ ಕರೆದುಕೊಂಡು ಹೋಗಿ ಬೀಗ ಎಳೆದು ತೋರಿಸಿದ.

ಆದರೆ ಸಭಿಕರೇ, ನಿಮ್ಮನ್ನು ಕೇಳಿದ್ದೇನೆಯೇ? ನಿಮ್ಮಲ್ಲಿ ಯಾರನ್ನಾದರೂ, ಒಬ್ಬರನ್ನಾದರೂ ಕೇಳಿದ್ದೇನೆಯೇ? ಸಂಗೀತಕ್ಕೆ, ಗಣಿತಕ್ಕೆ, ಹುಟ್ಟುಹಬ್ಬಕ್ಕೆ ಎಂದು ನಿಮ್ಮೆಲ್ಲರ ಮನೆಗೂ ನಿಧಿಯನ್ನು ಬಿಟ್ಟು ಬಂದಿದ್ದೇನೆ. ನಮ್ಮವರ ಮನೆಯಲ್ಲಿ ಕುಕ್ಕರ್ ಇರುತ್ತದೆ, ಗ್ರೈಂಡರ್ ಇರುತ್ತದೆ, ಬಂದೂಕು ಎಲ್ಲಿಂದ ಬರಬೇಕು ಎಂದುಕೊಂಡೆ. ಇದ್ದರೂ, ಬಾಗಿಲು ತೆಗೆದು ಕಾಫಿ ಕುಡೀತೀರಾ ಎನ್ನುವವರನ್ನು ಹಾಗೆ ಕೇಳುವುದು ಹೇಗೆ? ನಿಧಿ ನನಗೆ ಹೇಳುತ್ತಾಳೆ, "ಅಪ್ಪಾ, ಜಸ್ಟ್ ಆಸ್ಕ್ ದೆಮ್. ವೈ ಈಸ್ ಇಟ್ ಸಚ್ ಎ ಬಿಗ್ ಡೀಲ್?" ಅವಳಿಗೆ ಏನೆಂದು ವಿವರಿಸಲಿ? ಏನೋ ಸಂಕೋಚ ಕಣ್ರೀ. ಅದಕ್ಕೆ ಬೇರೆ ಹೆಸರು ನನಗೆ ಸಿಕ್ಕಿಲ್ಲ.

ಸೌಜನ್ಯ ಅಲ್ಲಿಂದ ವಾಚು ತೋರಿಸುತ್ತಿದ್ದಾಳೆ. ಮುಗಿಸುತ್ತೇನೆ. ಸೌಜನ್ಯ, ಮುಂದಿನದನ್ನು ನೀನೂ ಈಗಲೇ ಕೇಳುತ್ತಿರುವುದು, ಮನೆಗೆ ಹೋದ ಮೇಲೆ ಬೈಯುವೆಯಂತೆ.

ಇವತ್ತು ಬೆಳಿಗ್ಗೆ ಅವಳು ಈ ಸಭಾಂಗಣಕ್ಕೆ ತೋರಣ ಕಟ್ಟಲು ಬಂದಿದ್ದಳು. ನಾನೊಬ್ಬನೇ ಅಧ್ಯಕ್ಷರ ಮನೆಗೆ ಹೋದೆ. "ಜಯರಾಮು, ಖಂಡೇ ಪೂಜಿಗೆ ಬರ್ರಿ, ಹೋಳಿಗಿ ಮಾಡ್ಯಾರ" ಎಂದು ಕರೆದಿದ್ದರು. ನಮ್ಮ ಕಡೆ ಆಯುಧಪೂಜೆ ಎನ್ನುವುದನ್ನು ಅವರ ಕಡೆ ಖಂಡೇ ಪೂಜೆ ಎನ್ನುತ್ತಾರೆ. ಮಣೆಯ ಮೇಲೆ ಕೆಂಪು ಬಟ್ಟೆ ಹಾಸಿ, ಡಾಕ್ಟರ ಸ್ಟೆತಾಸ್ಕೋಪು, ಲ್ಯಾಪ್‌ಟಾಪು, ಎರಡು ಕಾರಿನ ಸ್ಪೇರ್ ಕೀಲಿ, ಅಡುಗೆಮನೆಯ ಈಳಿಗೆ ಎಲ್ಲವನ್ನೂ ಜೋಡಿಸಿದ್ದರು. ಈಳಿಗೆಯ ಪಕ್ಕದಲ್ಲಿ ಒಂದು ಪಿಸ್ತೂಲು ಇತ್ತು. ಮೂರು ಬೆರಳಿನ ವಿಭೂತಿ ಬಳಿದು, ಕುಂಕುಮ ಇಟ್ಟಿದ್ದರು.

ಅಧ್ಯಕ್ಷರೇ, ತಲೆ ತಗ್ಗಿಸಬೇಡಿ, ನಿಮ್ಮನ್ನು ದೂರುತ್ತಿಲ್ಲ. ನಿಮ್ಮ ಬೀದಿಯಲ್ಲಿ ಹಬ್ಬದ ಸಮಯಕ್ಕೆ ಕಾದು ಕಳ್ಳರು ನಮ್ಮವರ ಮನೆಗಳಿಗೇ ನುಗ್ಗಿ ಬಂಗಾರ ದೋಚಿದಾಗ ನೀವು ಅದನ್ನು ಕೊಂಡದ್ದು ಎಂದು ಇವತ್ತೇ ಹೇಳಿದಿರಿ. ಲೈಸೆನ್ಸ್ ಇದೆ, ತರಬೇತಿ ಆಗಿದೆ, ಬೆರಳಿಟ್ಟರೆ ಮಾತ್ರ ತೆರೆಯುವ ಪೆಟ್ಟಿಗೆ ಇದೆ. ವರ್ಷವಿಡೀ ಅದು ಬೀಗದಲ್ಲೇ ಇರುತ್ತದೆ. ಕಾನೂನು ಪಾಲಿಸುವುದರಲ್ಲಿ ನೀವು ನನಗಿಂತ ಒಂದು ಕೈ ಮೇಲು. ನವಮಿ ಬಂದಾಗ ಮಾತ್ರ ಅದು ಪೆಟ್ಟಿಗೆಯಿಂದ ಹೊರಗೆ ಬಂತು. ನಿಮ್ಮ ತಾಯಿ ವೀರಬಸಮ್ಮನವರು ನನ್ನ ಮುಖ ನೋಡಿಯೇ ಹೇಳಿದರು, "ಕಾರಿನ ಕೀಲಿ, ಲ್ಯಾಪ್‌ಟಾಪು, ಇವೇನು ಆಯುಧ ಆಗ್ತಾವೇನಪಾ? ಮನ್ಯಾಗ ಖರೇ ಆಯುಧ ಇಟಗೊಂಡು ಅದನ್ನ ಪೆಟ್ಟಿಗ್ಯಾಗ ಮುಚ್ಚಿಟ್ರ ದೇವ್ರು ಒಪ್ತಾನೇನು?"

ಆಮೇಲೆ ನೀವು ನಗುತ್ತಾ ಒಂದು ಮಾತು ಹೇಳಿದಿರಿ. "ದೇವರ ಮುಂದ ಖಾಲೀದು ಇಡಬಾರದಂತ ನಮ್ಮವ್ವ ಹೇಳ್ತಾಳ. ಅದಕ್ಕ ಗುಂಡು ತುಂಬಿ ಇಟ್ಟೇನ್ರಿ." ನೀವು ನಕ್ಕಿರಿ, ನಾನೂ ನಕ್ಕೆ. ಅದು ತಮಾಷೆಯೋ ನಿಜವೋ ನನಗೆ ಗೊತ್ತಾಗಲಿಲ್ಲ. ಖಾಲಿ ಕೊಡ ದೇವರ ಮುಂದೆ ಇಡಬಾರದು, ಒಂದು ಹಿಡಿ ಅಕ್ಕಿಯನ್ನಾದರೂ ಹಾಕಿ ಇಡಬೇಕು ಎಂದು ನಮ್ಮ ಅಮ್ಮನೂ ಹೇಳುತ್ತಿದ್ದರು. ಹಾಗಾಗಿ ಬೆಳಗಿನಿಂದ ನಾನು ಅದನ್ನೇ ಯೋಚಿಸುತ್ತಿದ್ದೇನೆ. ತಿಪ್ಪಣ್ಣನವರು ಡಾಕ್ಟರು, ಹಾಗೆ ಮಾಡುವುದಿಲ್ಲ. ತಿಪ್ಪಣ್ಣನವರು ತಾಯಿಯ ಮಾತು ಮೀರುವವರಲ್ಲ, ಮಾಡಿದರೂ ಮಾಡಿರಬಹುದು. ಯಾವುದು ಸರಿ? ಕೇಳಿದರೆ ಒಂದು ನಿಮಿಷದ ಕೆಲಸ. ಕೇಳಲಿಲ್ಲ. ಎಲ್ಲರೂ ಕಣ್ಣು ಮುಚ್ಚಿದರು, ನಾನೂ ಕೈ ಮುಗಿದೆ. ನಾನು ಕೈ ಮುಗಿದದ್ದು ದೇವರಿಗೋ, ಈಳಿಗೆಗೋ, ಅದಕ್ಕೋ? ಕುಂಕುಮ ಇಟ್ಟ ಮೇಲೆ ಅದು ಬಂದೂಕಲ್ಲವೇ? ಟ್ರೆಂಟನ್‌ನಲ್ಲಿ ಮೈಕಿನ ಮುಂದೆ ನಿಂತು ಮಾತಾಡಿದ ಮನುಷ್ಯ ಅಲ್ಲಿ ಮಂಗಳಾರತಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡ.

ಹೊರಡುವಾಗ ಹೇಗೋ ಧೈರ್ಯ ಮಾಡಿ, "ಪೂಜೆ ಆಯ್ತಲ್ಲ ಡಾಕ್ಟ್ರೇ, ಇನ್ನು ಎತ್ತಿ ಇಡ್ತೀರಾ?" ಎಂದೆ. "ಏ, ದಶಮಿ ಪೂಜಿ ಆಗೂತನಕ ಎತ್ತಂಗಿಲ್ರಿ" ಎಂದಿರಿ. ನಿಜವೇ, ಪೂಜೆಗೆ ಇಟ್ಟದ್ದನ್ನು ನಮ್ಮಲ್ಲೂ ಮಾರನೆಯ ದಿನದವರೆಗೆ ಮುಟ್ಟುವುದಿಲ್ಲ. ಚಿಕ್ಕವರಿದ್ದಾಗ ಆ ಒಂದು ದಿನ ಪುಸ್ತಕ ಮುಟ್ಟಬಾರದು ಎಂದು ನಾವೆಲ್ಲ ಎಷ್ಟು ಖುಷಿಪಡುತ್ತಿದ್ದೆವು! ಹೋಳಿಗೆ ಕಟ್ಟಿಸಿಕೊಂಡು ಬಂದುಬಿಟ್ಟೆ. ನಾಳೆಯವರೆಗೆ ಅದು ಅಲ್ಲೇ ಇರುತ್ತದೆ. ಈ ರಾತ್ರಿ ನನ್ನ ಮಗಳು ಅದೇ ಮನೆಯಲ್ಲಿ ಮಲಗುತ್ತಾಳೆ. ಏನಾದರೂ ನೆಪ ಹೇಳಿ ಅವಳನ್ನು ಮನೆಗೆ ಕರೆದುಕೊಂಡು ಹೋಗೋಣ, ಹೊಟ್ಟೆನೋವು ಎನ್ನೋಣ, ಯಾರಿಗೂ ಬೇಜಾರಾಗಬಾರದು ಎಂದೇ ನಾನು ಈ ವೇದಿಕೆ ಹತ್ತುವವರೆಗೂ ಲೆಕ್ಕ ಹಾಕುತ್ತಿದ್ದೆ.

ನಿಮ್ಮ ಚಿಕ್ಕ ಮಗಳು ಆನ್ಯಾ, ಐದು ವರ್ಷದ ಕೂಸು, ಅವಳಾದರೂ ಪೂಜೆಯಲ್ಲಿ ಕಣ್ಣು ಬಿಟ್ಟುಕೊಂಡಿದ್ದಳು. ಕೈಯಲ್ಲಿ ಚೆಂಡುಹೂ ಹಿಡಿದು ಸ್ಟೆತಾಸ್ಕೋಪಿಗೊಂದು, ಕೀಲಿಗೊಂದು ಇಡುತ್ತಾ ಬಂದವಳು ಅದರ ಮುಂದೆ ನಿಂತು, "ಅಂಕಲ್, ದಿಸ್ ಒನ್ ಡಿಡಂಟ್ ಗೆಟ್ ಎ ಫ್ಲವರ್" ಎಂದು ನನ್ನ ಮುಖ ನೋಡಿದಳು. ಬೇಡ ಪುಟ್ಟಿ ಎನ್ನುವಷ್ಟರಲ್ಲಿ ಇಟ್ಟೇಬಿಟ್ಟಳು. ಮುದ್ದಾಗಿತ್ತು, ನಾವೆಲ್ಲ ನಕ್ಕೆವು. ಆನ್ಯಾ ಪುಟ್ಟಿ, ಎಲ್ಲಿದ್ದೀಯಮ್ಮಾ, ಕೈ ಎತ್ತು ನೋಡೋಣ. ಮುಂದಿನ ಸಾಲಿನಲ್ಲಿ ಕಾಣುತ್ತಿಲ್ಲ. ಚಿಣ್ಣರ ನೃತ್ಯದಲ್ಲಿ ಇದ್ದಳಲ್ಲವೇ? ಇರಲಿಲ್ಲವೇ? ಆಗ ನನಗೆ ಈ ಪೇಟ ಕಟ್ಟುತ್ತಿದ್ದರು, ನಾನು ನೋಡಲಿಲ್ಲ. ವೀರಬಸಮ್ಮನವರೂ ಕಾಣುತ್ತಿಲ್ಲ.

ಅಧ್ಯಕ್ಷರೇ, ಆನ್ಯಾ ಎಲ್ಲಿ?

ಏನಂದಿರಿ? ಮೈಕಿನಲ್ಲಿ ಕೇಳಿಸಲಿಲ್ಲ. ಜ್ವರವೇ? ಮನೆಯಲ್ಲಿ. ಅಜ್ಜಿಯ ಜೊತೆ.

ಅಯ್ಯೋ. ನಾನು ಬೆಳಗಿನಿಂದ ನನ್ನ ಮಗಳೊಬ್ಬಳದ್ದೇ ಯೋಚನೆ ಮಾಡಿದೆನಲ್ರೀ. ದೇವರ ಕೋಣೆಗೆ ಬಾಗಿಲಾದರೂ ಇದೆಯೇ? ಇಲ್ಲ, ಅದು ಊಟದ ಮನೆಯ ಮೂಲೆ, ನಾನೇ ಅಲ್ಲಿ ನಿಂತಿದ್ದೆ. ಮಣೆಯ ಎತ್ತರ ಅಷ್ಟೇ. ಡಾಕ್ಟ್ರೇ, ಈಗ ಹೇಳಿಬಿಡಿ, ಅದು ತಮಾಷೆಯೋ ನಿಜವೋ? ತುಂಬಿದೆಯಾ?

ಸರಿ. ಗೊತ್ತಾಯಿತು. ಎದ್ದು ನಿಂತುಬಿಟ್ಟಿರಲ್ಲ.

ಫೋನ್ ಮಾಡಿ. ಮಿಸೆಸ್ ತಿಪ್ಪಣ್ಣ, ನೀವು ಮಾಡಿ, ಡಾಕ್ಟರು ಕಾರಿನ ಕೀಲಿ ಹುಡುಕುತ್ತಿದ್ದಾರೆ. ಎತ್ತುತ್ತಿಲ್ಲವೇ? ಅಜ್ಜಿಗೆ ಕಿವಿ ಮಂದ, ಇನ್ನೊಂದು ಸಲ ಮಾಡಿ. ದಯವಿಟ್ಟು ಯಾರೂ ಮಾತಾಡಬೇಡಿ. ಎತ್ತಿದರೇ? ಯಾರು, ಆನ್ಯಾನಾ? ಏನ್ ಮಾಡ್ತಿದ್ದಾಳಂತೆ? ಟೀವಿ. ಟೀವಿ ನೋಡ್ತಿದ್ದಾಳೆ. ಅಲ್ಲೇ ಸೋಫಾ ಮೇಲೇ ಕೂತಿರೋಕೆ ಹೇಳಿ, ಅಜ್ಜಿಯನ್ನ ಪಕ್ಕದಲ್ಲಿ ಕೂರಿಸಿಕೊಳ್ಳಲಿ, ಫೋನ್ ಇಡಬೇಡಿ, ಮಾತಾಡ್ತಾನೇ ಇರಿ. ಡಾಕ್ಟ್ರೇ, ನೀವು ಹೊರಡಿ. ಸಭೆಯ ಮರ್ಯಾದೆ ಗಿರ್ಯಾದೆ ಎಲ್ಲ ಆಮೇಲೆ. ದಶಮಿಗೆ ಮುಂಚೆ ಎತ್ತಿದ ದೋಷ ಏನಿದ್ದರೂ ನನ್ನ ತಲೆಗೆ ಬರಲಿ, ಹೋಗಿ.

ಸಭಿಕರೇ, ಅಧ್ಯಕ್ಷರ ಕುರ್ಚಿ ಖಾಲಿಯಾಗಿದೆ. ಇಂಥ ಹೊತ್ತಿನಲ್ಲಿ ಮಾತು ಹೇಗೆ ಮುಗಿಸಬೇಕೆಂದು ಯಾರೂ ನನಗೆ ಕಲಿಸಿಲ್ಲ. ಆದರೆ ಇಷ್ಟು ದಿನ ಕೇಳದೆ ಬಿಟ್ಟದ್ದನ್ನು ನಿಮ್ಮನ್ನೂ ಕೇಳಿಬಿಡುತ್ತೇನೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇವತ್ತು ಬಂದೂಕು ಪೂಜೆಗೆ ಇಟ್ಟಿದ್ದೀರಾ? ಅಥವಾ ಪೂಜೆಯಿಲ್ಲದೆಯೂ ಬೀರುವಿನಲ್ಲೋ ದಿಂಬಿನ ಕೆಳಗೋ ಸುಮ್ಮನೆ ಇದೆಯಾ? ಕೈ ಎತ್ತಬೇಡಿ, ಹೆಸರು ಹೇಳಬೇಡಿ. ನಾನು ಪೇಟವನ್ನು ಕಣ್ಣಿನ ಮೇಲೆ ಎಳೆದುಕೊಳ್ಳುತ್ತೇನೆ. ಎದ್ದು ಮನೆಗೆ ಹೋಗಿ, ಬೀಗ ಹಾಕಿ ಬನ್ನಿ. ಊಟ ಎಲ್ಲೂ ಹೋಗುವುದಿಲ್ಲ.

ಕುರ್ಚಿ ಸದ್ದು ಕೇಳಿಸುತ್ತಿದೆ. ಒಬ್ಬರು. ಇನ್ನೊಬ್ಬರು, ಆ ಕಡೆಯಿಂದಲೂ. ನೋಡುವುದಿಲ್ಲ ಎಂದಿದ್ದೆ, ಕ್ಷಮಿಸಿ, ನೋಡಿಬಿಟ್ಟೆ. ಇಷ್ಟು ಜನವೇ? ಸುಬ್ಬು! ಈಗ ತಾನೇ ತಬಲಾ ನುಡಿಸಿದೆಯಲ್ಲಪ್ಪಾ, ನೀನೂನಾ? ನಿಧಿ ಪ್ರತಿ ಗುರುವಾರ ನಿಮ್ಮ ಮನೆಗೇ ಪಾಠಕ್ಕೆ ಬರ್ತಾಳಲ್ಲೋ. ಇಲ್ಲ, ನಿಲ್ಲಬೇಡ, ಏನೂ ಹೇಳಬೇಡ, ಹೋಗು.

ಸನ್ಮಾನಕ್ಕೆ ಧನ್ಯವಾದ. ಶಾಲನ್ನು ಇಲ್ಲೇ ಈ ಮೇಜಿನ ಮೇಲೆ ಬಿಟ್ಟಿರುತ್ತೇನೆ. ಬಾಗಿಲ ಹತ್ತಿರ ನಿಂತಿರುವವರು ದಯವಿಟ್ಟು ದಾರಿ ಬಿಡಿ, ಹಿಂದಿನ ಸಾಲಿನಿಂದ ಇನ್ನೂ ಜನ ಏಳುತ್ತಿದ್ದಾರೆ. ನಮಸ್ಕಾರ.